ಕೊನೇ ಸಾಲಿಗೆ ನಕ್ಕವರು

ಬಾಗಿಲಿಗೆ ಚಾವಿ ತೂರಿಸಿದ ಮೇಲೂ ಚಾವಿಯಣ್ಣ ಅದನ್ನು ತಿರುಗಿಸುತ್ತಿರಲಿಲ್ಲ. ಮೊದಲು ಒಂದು ನಗೆಮಾತು ಆಗಬೇಕು, ನಾವು ಮೂವರೂ ನಗಬೇಕು. ಬಾಗಿಲು ತೆರೆಯುವುದು ಅದಾದ ಮೇಲೆಯೇ.

ಆಸ್ಪತ್ರೆಯ ಹಿಂಭಾಗದಲ್ಲಿ ಹನ್ನೊಂದು ಮೆಟ್ಟಿಲು ಇಳಿದರೆ ಶವಾಗಾರ. ಗೋಡೆ ವರ್ಷವಿಡೀ ಬೆವರುತ್ತದೆ. ಬಾಗಿಲು ಕಬ್ಬಿಣದ್ದು, ಅದಕ್ಕೊಂದು ಕಲ್ಲಿನ ಹೊಸ್ತಿಲು. ಹೊಸ್ತಿಲಿಂದ ಈಚೆ ನಗಬಹುದು, ಆಚೆ ಕಾಲಿಟ್ಟ ಮೇಲೆ ನಗೆಗೆ ತುಟಿ ಬಿಚ್ಚುವಂತಿಲ್ಲ. ಇದು ಸರ್ಕಾರದ ನಿಯಮವಲ್ಲ, ಚಾವಿಯಣ್ಣನ ನಿಯಮ. ಮೂವತ್ತೆರಡು ವರ್ಷ ಆ ಬಾಗಿಲು ತೆರೆದವನು ಅವನು.

ನಾನು ಸೇರಿದ ಮೊದಲ ದಿನ ಅವನು ಹೇಳಿದ ನಗೆಮಾತು ಇದು: "ಒಬ್ಬಳು ಗಂಡನ್ನ ಉಪ್ಪು ತರೋಕೆ ಕಳಿಸಿದ್ಳಂತೆ. ಅವನಿಗೋ ಮರೆವು. ನೆನಪಿರಲಿ ಅಂತ ಬೆರಳಿಗೊಂದು ದಾರ ಕಟ್ಟಿದ್ಳು. ಅಂಗಡೀಲಿ ನಿಂತು ಬೆರಳು ನೋಡ್ಕೊಂಡ. ಏನೋ ತರಬೇಕಿತ್ತು, ಏನದು? ಹಾಂ, ದಾರ! ಒಂದು ಉಂಡೆ ದಾರ ತಗೊಂಡು ಮನೆಗೆ ಹೋದ."

"ಹೆಂಡ್ತಿ ಏನಂದ್ಳು?" ಎಂದು ಕೇಳಿದಳು ನೀರಕ್ಕ. ಹೆಣ ತೊಳೆಯುವವಳು ಅವಳು. ರಬ್ಬರ್ ಪೈಪು ಹೆಗಲಿಗೆ ಸುತ್ತಿಕೊಂಡು ನಿಂತಿದ್ದಳು.

"ಏನಂತಾಳೆ? ಹತ್ತು ಬೆರಳಿಗೂ ಕಟ್ಟಿದ್ಳು."

"ಅಯ್ಯೋ, ಇದು ನನ್ನ ಮದುವೆಗಿಂತ ಹಳೇದು ಕಣಣ್ಣ. ನನ್ನ ಗಂಡನ ಹಾಗೆ ಇದಕ್ಕೂ ಹಲ್ಲೆಲ್ಲ ಉದುರಿದೆ."

ನಾನು ನಕ್ಕೆ. ಅವನ ಮಾತಿಗಲ್ಲ, ಅವಳ ಮಾತಿಗೆ. ಚಾವಿ ತಿರುಗಿತು.

ಒಳಗೆ ಹೋದ ಮೇಲೆ ಅವರಿಬ್ಬರ ಮುಖ ಬದಲಾದದ್ದನ್ನು ನೋಡಿದೆ. ದೀಪ ಆರಿಸಿದಂತಲ್ಲ, ದೀಪವನ್ನು ಯಾರೋ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಂತೆ. ಅದು ಇನ್ನೂ ಉರಿಯುತ್ತಿದೆ, ಇಲ್ಲಿಲ್ಲ ಅಷ್ಟೇ.

ನನ್ನನ್ನು ಬೆಳೆಸಿದ್ದು ಅಜ್ಜಿ. ಅವಳ ಕತೆಯೊಂದು ಹೀಗೆ: ಯಾವ ಕಾಲವೋ ಯಾವ ಊರೋ, ಸಾವು ಒಂದು ಮನೆಗೆ ಬಂತಂತೆ. ಒಳಗೆ ಮುದುಕ ಮಾವ ಮಲಗಿದ್ದ. ಸೊಸೆ ಏನೋ ಹೇಳಿದಳು, ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಸಾವಿಗೆ ಎಲ್ಲ ಭಾಷೆಯೂ ಬರುತ್ತದೆ, ನಗು ಮಾತ್ರ ಅರ್ಥವಾಗುವುದಿಲ್ಲ. ಹೊಸ್ತಿಲಲ್ಲೇ ನಿಂತು "ಯಾಕೆ ನಕ್ಕಿರಿ?" ಎಂದು ಕೇಳಿತು. "ನಾಳೆ ಹೇಳ್ತೀನಿ" ಎಂದಳು ಸೊಸೆ. ಮರುದಿನ ಬಂದಾಗಲೂ ನಗು, ಮರುದಿನವೂ "ಯಾಕೆ ನಕ್ಕಿರಿ?" ಹೀಗೇ ವರ್ಷಗಳು ಕಳೆದವು. ಕೊನೆಗೊಂದು ದಿನ ಸೊಸೆಗೆ ಪಾಪ ಅನ್ನಿಸಿತು. ಕೂರಿಸಿಕೊಂಡು, ಇಂಥದ್ದಕ್ಕೆ ಹೀಗೆ, ಹೀಗಾದ್ದರಿಂದ ನಗು ಎಂದು ಬಿಡಿಸಿ ಹೇಳಿದಳು. "ಓ ಅಷ್ಟೇನಾ" ಎಂದು ಸಾವು ಎದ್ದು ಒಳಗೆ ಹೋಯಿತು.

ಚಾವಿಯಣ್ಣನ ಹೊಸ್ತಿಲು ನೋಡಿದಾಗ ನನಗೆ ಆ ಹೊಸ್ತಿಲೇ ಅನ್ನಿಸಿತು. ಅವನು ಆ ಕತೆ ಕೇಳಿದವನಲ್ಲ. ಆದರೂ ಹೇಗೋ ಗೊತ್ತಿತ್ತು ಅವನಿಗೆ.

ನನ್ನದು ಬರವಣಿಗೆ ಕೆಲಸ. ಬಂದವರ ಜೇಬಿನಲ್ಲಿ ಇದ್ದುದನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಸಾಮಾನಿನ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಖಾಕಿ ಲಕೋಟೆಗೆ ಹಾಕಿ, ಮನೆಯವರು ಬಂದಾಗ ಸಹಿ ಮಾಡಿಸಿಕೊಂಡು ಕೊಡಬೇಕು. ಬಾಚಣಿಗೆ ಒಂದು, ಕರವಸ್ತ್ರ ಒಂದು, ಹೀಗೆ. ಕಾಗದಗಳಿಗೆ ಬೇರೆ ನಿಯಮ. ಎಣಿಸಬೇಕು, ಓದಬಾರದು. ವಿಳಾಸ ಹುಡುಕುವಷ್ಟು ಮಾತ್ರ ಕಣ್ಣು ಹಾಯಿಸಬಹುದು. "ಸತ್ತೋರ ಕಾಗದ ಅಂದ್ರೆ ಬಚ್ಚಲುಮನೆ ಬಾಗಿಲಿದ್ದ ಹಾಗೆ" ಎನ್ನುತ್ತಿದ್ದ ಚಾವಿಯಣ್ಣ. "ಒಳಗೆ ಯಾರಾದ್ರೂ ಇದ್ದಾರಾ ಅಂತ ತಟ್ಟಬಹುದು. ತೆಗೆದು ನೋಡಬಾರದು."

ನಾನು ಸೇರಿ ಏಳು ತಿಂಗಳಾಗಿತ್ತು. ಒಂದು ವರ್ಷ ತುಂಬಿದರೆ ಕೆಲಸ ಕಾಯಂ. ಮನೆಯಲ್ಲಿ ಅಜ್ಜಿ ಮತ್ತು ನಾನು ಇಬ್ಬರೇ. ಎರಡು ಕೋಣೆ, ಒಂದು ಕಿಟಕಿ. ಓದು ಮುಗಿಸಿ ಮೂರು ವರ್ಷ ಆ ಕಿಟಕಿಯಲ್ಲೇ ಕೂತು, ಬೀದಿಯಲ್ಲಿ ಹೋಗುವವರ ತಲೆಗೆಲ್ಲ ಕತೆ ಕಟ್ಟಿದವಳು ನಾನು. "ಇವಳ ಕಾಲು ನೆಲಕ್ಕೆ ತಾಗೋದು ಚಪ್ಪಲಿ ಹರಿದಾಗ ಮಾತ್ರ" ಎಂದು ಅಜ್ಜಿ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಶವಾಗಾರದ ಕೆಲಸ ಎಂದಾಗ ಅವಳು ಅಳಲಿಲ್ಲ. "ಅಲ್ಲಾದ್ರೂ ಯಾರೂ ನಿನ್ನ ಬೈಯಲ್ಲ ಬಿಡು" ಎಂದಳು.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಮೂರನೇ ಮೇಜಿಗೆ ಒಬ್ಬನನ್ನು ತಂದರು. ಬಸ್ಸು ತಗುಲಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಮೂವತ್ತರ ಆಸುಪಾಸು. ಅಂಗಿಯ ಮೇಲೆ ಯಾವುದೋ ಚಪ್ಪಲಿ ಅಂಗಡಿಯ ಗುರುತು ಇತ್ತು, ಹೆಸರು ವಿಳಾಸ ಏನೂ ಇರಲಿಲ್ಲ. ನೀರಕ್ಕ ಅಂಗಿ ಬಿಚ್ಚಿದಳು. ಒಳಗಿನ ಬನೀನು ಎಡಗಡೆ ಕಂಕುಳಿಂದ ಪಕ್ಕೆಯವರೆಗೆ ಹರಿದಿತ್ತು. ಬಸ್ಸು ಹರಿದದ್ದಲ್ಲ, ಹಳೆಯ ಹರಕು. ಅಂಚಿನ ದಾರಗಳು ಒಗೆದೊಗೆದು ಬೆಳ್ಳಗಾಗಿದ್ದವು.

ನಾನು ಜೇಬು ನೋಡಿದೆ. ಒಂದು ಕರವಸ್ತ್ರ. ಬೂಟಿಗೆ ಹಿಮ್ಮಡಿ ಜಾರಿಸುವ ಒಂದು ಸಣ್ಣ ತಗಡಿನ ಚಮಚ. ಎರಡು ಗುಂಡಿ. ಮತ್ತು ಚಪ್ಪಲಿ ಡಬ್ಬಿಯೊಳಗೆ ಇಡುವ ತೆಳು ಕಾಗದ, ನಾಲ್ಕು ಮಡಿಕೆ. ವಿಳಾಸ ಇರಬಹುದೆಂದು ಬಿಡಿಸಿದೆ. ಮೊದಲ ಸಾಲು ಹೀಗಿತ್ತು: "ಶನಿವಾರಕ್ಕೆ. ವೇದಿಕೆ ಮೇಲೆ ಐದು ನಿಮಿಷ ಕೊಟ್ಟಿದ್ದಾರೆ. ಇದು ನಗಿಸಿಯೇ ನಗಿಸುತ್ತೆ. ನಿಧಾನವಾಗಿ ಹೇಳಬೇಕು."

ಅಲ್ಲೇ ಮಡಚಬೇಕಿತ್ತು. ನಾನು ಮಡಚಲಿಲ್ಲ. ಯಾರೋ ನನ್ನ ಕಿವಿಯಲ್ಲಿ ಕತೆ ಶುರುಮಾಡಿದಂತಾಯಿತು. ಅರ್ಧಕ್ಕೆ ಏಳುವುದನ್ನು ಅಜ್ಜಿ ನನಗೆ ಕಲಿಸಿರಲಿಲ್ಲ. ಅದೂ ಗಟ್ಟಿಯಾಗಿ, ಅವನು ಹೇಳಿದ ಹಾಗೆ ನಿಧಾನವಾಗಿ, ಓದಿದೆ.

"ನಮ್ಮಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳ್ತಾಳೆ. ಬನೀನು ಹರಿದಿಲ್ಲ ತಾನೇ? ರಸ್ತೇಲಿ ಬಿದ್ದುಗಿದ್ದರೆ ನಾಲ್ಕು ಜನ ನೋಡ್ತಾರೆ. ಬೇರೆ ಅಮ್ಮಂದಿರು ಬೀಳಬೇಡಪ್ಪ ಅಂತಾರೆ. ನಮ್ಮಮ್ಮ, ಬೀಳೋದಾದ್ರೆ ಒಳ್ಳೇ ಬನೀನಲ್ಲಿ ಬೀಳು ಅಂತಾಳೆ."

ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: ಇಲ್ಲಿ ನಿಲ್ಲಿಸು, ನಗಲಿ. ನಾನು ನಿಲ್ಲಿಸಿದೆ. ನೀರಕ್ಕ ಪೈಪು ಹಿಡಿದು ನಿಂತವಳು ಬನೀನು ನೋಡಿದಳು, ನನ್ನ ಮುಖ ನೋಡಿದಳು. ಚಾವಿಯಣ್ಣ "ಏ ಮಗಾ, ಸಾಕು" ಎಂದ. ಆದರೆ ಹತ್ತಿರ ಬಂದ.

"ನನಗಿರೋದು ಎರಡು ಬನೀನು. ಒಂದು ಒಳ್ಳೇದು, ಒಂದು ಹರಿದದ್ದು. ಒಳ್ಳೇದು ಹಾಕ್ಕೊಂಡ ದಿನ ರಸ್ತೆ ಮಧ್ಯದಲ್ಲೇ ರಾಜನ ಹಾಗೆ ಹೋಗ್ತೀನಿ. ಹರಿದದ್ದು ಹಾಕ್ಕೊಂಡ ದಿನ ಗೋಡೆ ಸವರಿಕೊಂಡು ಹೋಗ್ತೀನಿ, ಹಲ್ಲಿ ಹಾಗೆ. ಬಸ್ಸುಗಳಿಗೂ ಇದು ಗೊತ್ತು ಅನ್ಸುತ್ತೆ. ಒಳ್ಳೇ ಬನೀನಿನ ದಿನ ಒಂದೂ ನನ್ನ ಕಡೆ ತಿರುಗಿಯೂ ನೋಡಲ್ಲ. ಹೋಗ್ಲಿ, ಒಂದಿನ ಹರಿದ ಬನೀನಲ್ಲೇ ಹೋಗಿಬಿಟ್ಟೆ ಅನ್ನಿ. ಅಲ್ಲಿ ಹೆಣದ ಮನೆಯವರಿಗೆ ಒಂದೇ ಮಾತು ಹೇಳ್ತೀನಿ. ಸ್ವಾಮಿ, ಒಳ್ಳೇದು ತಂತಿ ಮೇಲೆ ಒಣಗ್ತಾ ಇದೆ. ನಮ್ಮಮ್ಮ ಬಂದ್ರೆ, ಇವನು ನಿಮ್ಮ ಮಗ ಅಲ್ಲ ಅಂತ ಹೇಳಿ ಕಳಿಸಿಬಿಡಿ."

ಮೊದಲು ನಕ್ಕವಳು ನಾನು. ತಡೆಯಲು ನೋಡಿದೆ, ಮೂಗಿನಿಂದ ಬಂತು. ನೀರಕ್ಕ ಪೈಪು ಬಿಟ್ಟು ಗೋಡೆಗೆ ಹಣೆ ಕೊಟ್ಟು ಕುಲುಕಿದಳು. ಚಾವಿಯಣ್ಣ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಮೂವತ್ತೆರಡು ವರ್ಷ ಒಳಗೆ ನಗದವನ ನಗು ಅದು. ಅಣೆಕಟ್ಟು ಒಡೆದಂತೆ ಬಂತು. ಯಾರೂ ಇದುವರೆಗೆ ನಮ್ಮೊಡನೆ ಮಾತಾಡಿರಲಿಲ್ಲ. ಆ ಕೋಣೆಗೆ ಬಂದವರಲ್ಲಿ ಒಬ್ಬನೇ ಒಬ್ಬ, ನೇರವಾಗಿ, ಹೆಣದ ಮನೆಯವರೇ ಎಂದು ಕರೆದು ಒಂದು ಕೆಲಸ ಹೇಳಿದ್ದ. ಒಂದೇ ಸಣ್ಣ ಕೆಲಸ.

ಆಗ ಯಾರೋ ಬಾಗಿಲು ತಟ್ಟಿದರು.

ಕಾಗದವನ್ನು ಹೇಗೆ ಮಡಚಿದೆನೋ, ಯಾವಾಗ ನನ್ನ ಮೇಲಂಗಿಯ ಜೇಬಿಗೆ ತುರುಕಿದೆನೋ ತಿಳಿಯದು. ಬಾಗಿಲು ತೆರೆದರೆ ಒಬ್ಬ ಪೊಲೀಸು, ಅವನ ಹಿಂದೆ ಒಬ್ಬ ಹೆಂಗಸು. ಅಂಗಡಿಯವರು ಸುದ್ದಿ ತಿಳಿದು ಕಳಿಸಿದ್ದರು. ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ, ನಮ್ಮ ಗಾಳಿಕಿಂಡಿಯ ಸರಿ ಕೆಳಗೆ, ಅವಳನ್ನು ಹತ್ತು ನಿಮಿಷದಿಂದ ಕೂರಿಸಿದ್ದರು. ನಮಗೆ ಗೊತ್ತಿರಲಿಲ್ಲ.

ಅವಳು ಒಳಗೆ ಬಂದು ಮುಖ ನೋಡಲಿಲ್ಲ. ಮೊದಲು ಬನೀನು ನೋಡಿದಳು. ಅವನ ಕಾಲ ಬಳಿಯಿದ್ದ ಬಿಳಿ ಬಟ್ಟೆಯನ್ನು ಎಳೆದು ಆ ಹರಕಿನ ಮೇಲೆ ಹೊದಿಸಿ, ಅಂಚನ್ನು ಅವನ ಮೈ ಕೆಳಗೆ ಸಿಕ್ಕಿಸಿದಳು, ಚಳಿಗೆ ಮಲಗಿಸುವ ಹಾಗೆ. ಆಮೇಲೆ ಮುಖ ನೋಡಿದಳು.

"ನಿಮ್ಮ ಮಗನೇನಮ್ಮ?" ಎಂದು ಕೇಳಿದ ಪೊಲೀಸು.

ನಾನು ನೀರಕ್ಕನ ಕಡೆ ನೋಡಲಿಲ್ಲ. ನೀರಕ್ಕ ನನ್ನ ಕಡೆ ನೋಡಲಿಲ್ಲ.

"ಹೂಂ" ಎಂದಳು ಅವಳು.

ಪುಸ್ತಕದಲ್ಲಿ ನಾನು ಬರೆದದ್ದು: ಕರವಸ್ತ್ರ ಒಂದು, ಚಮಚ ಒಂದು, ಗುಂಡಿ ಎರಡು. ಅವಳು ಸಹಿ ಹಾಕಿದಳು. ಲಕೋಟೆಯನ್ನು ಅಲುಗಾಡಿಸಿ, ಒಳಗೆ ಇಣುಕಿ, ಮತ್ತೊಮ್ಮೆ ಇಣುಕಿ, ಹೋದಳು. ಕಾಗದ ನನ್ನ ಜೇಬಿನಲ್ಲೇ ಉಳಿದದ್ದು ನನಗೆ ತಿಳಿದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಮರುದಿನ ಅವರಿಬ್ಬರಿಗೆ ಮಾತ್ರ ಹೇಳಿದೆ.

ಆರು ದಿನಕ್ಕೆ ದೂರು ಬಂತು. ಎರಡೇ ಸಾಲು. "ನನ್ನ ಮಗನನ್ನು ನೋಡಿ ಒಳಗಿದ್ದವರು ನಕ್ಕರು. ಯಾಕೆ ನಕ್ಕರು ಎಂದು ನನಗೆ ಗೊತ್ತಾಗಬೇಕು."

ಅವಳು ಏನು ಕೆಲಸ ಮಾಡುತ್ತಾಳೆಂದು ನೀರಕ್ಕ ವಿಚಾರಿಸಿಕೊಂಡು ಬಂದಳು. ಹರಿದ ಬಟ್ಟೆ ಹೊಲಿದು ಕೊಡುವವಳು. ಮಾರುಕಟ್ಟೆಯ ಹಿಂದೆ ಒಂದು ಮಿಷಿನ್ನು, ಒಂದು ಸ್ಟೂಲು, ಸುತ್ತ ಊರಿನವರ ಹರಕು.

"ಅದಕ್ಕೇ ಅವಳಿಗೆ ಅಷ್ಟು ಚುಚ್ಚಿರೋದು. ಊರಿಗೆಲ್ಲ ಹೊಲಿಯೋಳ ಮಗ ಹರಕು ಹಾಕ್ಕೊಂಡು ಬಂದ, ಅದಕ್ಕೆ ನಕ್ಕರು ಅಂದ್ಕೊಂಡಿದ್ದಾಳೆ" ಎಂದಳು ನೀರಕ್ಕ.

"ಕಾಗದ ಕೊಟ್ಟುಬಿಡ್ತೀನಿ" ಎಂದೆ ನಾನು.

ನಾವು ಬಾಗಿಲಿಂದ ಈಚೆ ನಿಂತಿದ್ದೆವು. ಚಾವಿಯಣ್ಣನ ಚಾವಿ ತೂತಿನಲ್ಲಿತ್ತು. ಆರು ದಿನದಿಂದ ಅವನು ನಗೆಮಾತು ಹೇಳಿರಲಿಲ್ಲ, ಸುಮ್ಮನೆ ತೆರೆಯುತ್ತಿದ್ದ.

"ಬುದ್ಧಿ ಇದೆಯಾ ನಿನಗೆ?" ಎಂದ ಅವನು. "ನಕ್ಕಿದ್ದಕ್ಕೆ ಬೈತಾರೆ. ಹೆಣದ ಜೇಬಿನ ಸಾಮಾನು ಪುಸ್ತಕಕ್ಕೆ ಬರೀದೆ ಇಟ್ಕೊಂಡಿದ್ದಕ್ಕೆ ಬೀದಿಗೆ ಹಾಕ್ತಾರೆ. ಆಮೇಲೆ ಯಾವ ಕಚೇರೀಲೂ ಸೇರಿಸಲ್ಲ. ನಿಮ್ಮಜ್ಜಿಗೆ ಗಂಜಿ ಕಾಯಿಸೋರು ಯಾರು, ನಾನಾ?"

"ಮತ್ತೆ ಯಾಕೆ ನಕ್ಕಿರಿ ಅಂದ್ರೆ?"

"ನಾನು ದಾರದ ಕತೆ ಹೇಳಿದೆ, ನೀವಿಬ್ಬರು ನಕ್ಕಿರಿ. ತಪ್ಪು ನಂದು. ನನಗೆ ಇನ್ನು ಎಂಟು ತಿಂಗಳು ಸರ್ವೀಸು. ನನ್ನನ್ನ ಏನ್ ಮಾಡ್ತಾರೆ?"

"ನೀನು ಒಳಗೆ ಯಾವತ್ತೂ ಹೇಳಿಲ್ವಲ್ಲಣ್ಣ" ಎಂದಳು ನೀರಕ್ಕ ಮೆಲ್ಲಗೆ.

"ಹೇಳಿದೆ ಅಂತ ಬರ್ಕೊಳ್ಳಲಿ."

ಅವನ ಮುಖ ನೋಡಿದೆ. ಬೈಗುಳವಲ್ಲ ಅವನಿಗೆ ಭಾರ. ಹೊಸ್ತಿಲು ದಾಟಿ ನಗಿಸಿದವನು ತಾನೇ ಎಂದು ಸಹಿ ಹಾಕುವುದು.

ಆ ಸಂಜೆ ಅಜ್ಜಿಯನ್ನು ಕೇಳಿದೆ. "ಅಜ್ಜೀ, ಆ ಸೊಸೆ ದಿನಾ ಹೇಳ್ತಿದ್ದ ನಗೆಮಾತು ಏನು? ನೀನು ಯಾವತ್ತೂ ಹೇಳಲೇ ಇಲ್ಲ."

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. "ನನಗೇನು ಗೊತ್ತು? ಗೊತ್ತಿದ್ದಿದ್ರೆ ನಿಮ್ಮಪ್ಪನ್ನ ಹಾಗೆ ಸುಮ್ಮನೆ ಕಳಿಸ್ತಿದ್ದೆನಾ? ಹೊಸ್ತಿಲಲ್ಲಿ ಕೂತು ಇವತ್ತಿಗೂ ಅದನ್ನೇ ಹೇಳ್ತಾ ಇರ್ತಿದ್ದೆ." ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

ವಿಚಾರಣೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನಡೆಯಿತು. ಉದ್ದ ಮೇಜು, ಹಸಿರು ಬಟ್ಟೆ, ಮುಚ್ಚಿದ ನೀರಿನ ಲೋಟಗಳು. ಮಧ್ಯದಲ್ಲಿ ದೊಡ್ಡ ಡಾಕ್ಟರಮ್ಮ ಅಧ್ಯಕ್ಷರು. ಪಕ್ಕದಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ನಗುವಿನ ವಿಷಯ ಆದ್ದರಿಂದ ತಿಳಿದವರೊಬ್ಬರು ಇರಲಿ ಎಂದು ಕಾಲೇಜಿನಿಂದ ಕರೆಸಿದ್ದರು. ತುದಿಯಲ್ಲಿ ಟೈಪಿಸ್ಟು. ಎದುರು ನಾವು ಮೂವರು. ಕಿಟಕಿ ಬಳಿ ಒಂಟಿ ಕುರ್ಚಿಯಲ್ಲಿ ಆ ತಾಯಿ, ಬಟ್ಟೆಯ ಚೀಲವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು.

"ಆ ದಿನ ನೀವು ಹೇಳಿದ ಹಾಸ್ಯ ಯಾವುದು? ಹೇಳಿ, ದಾಖಲಾಗಲಿ" ಎಂದರು ಡಾಕ್ಟರಮ್ಮ.

ಚಾವಿಯಣ್ಣ ಎದ್ದು ನಿಂತು, ಕೈಕಟ್ಟಿ, ದಾರದ ಕತೆ ಹೇಳಿದ. ಉಪ್ಪು, ಬೆರಳು, ಅಂಗಡಿ. ಪ್ರತಿ ಮಾತಿಗೂ ಟೈಪು ಟಕಟಕ ಎಂದಿತು. ಕತೆ ಮುಗಿದ ಮೇಲೂ ಸ್ವಲ್ಪ ಹೊತ್ತು ಟಕಟಕ ನಡೆದು ನಿಂತಿತು.

"ಓದಿ."

ಟೈಪಿಸ್ಟು ಓದಿದ. "ಸದರಿ ಪತ್ನಿಯು ಸದರಿ ಪತಿಯ ಬೆರಳಿಗೆ ಜ್ಞಾಪಕಾರ್ಥವಾಗಿ ದಾರವನ್ನು ಕಟ್ಟಿದ್ದು, ಸದರಿ ಪತಿಯು ಉಪ್ಪಿನ ಬದಲಿಗೆ ದಾರವನ್ನೇ ಖರೀದಿಸಿರುತ್ತಾನೆ. ತರುವಾಯ ಉಳಿದ ಒಂಬತ್ತು ಬೆರಳುಗಳಿಗೂ ಕಟ್ಟಲಾಗಿರುತ್ತದೆ."

"ಇದರಲ್ಲಿ ನಗೋದು ಎಲ್ಲಿ?" ಎಂದು ಡಾಕ್ಟರಮ್ಮ ಕೇಳಿದರು. ವ್ಯಂಗ್ಯವಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಮನುಷ್ಯ ನಗೋದಕ್ಕೆ ಮೂರು ಕಾರಣ ಹೇಳ್ತಾರೆ. ಒಂದು, ಇನ್ನೊಬ್ಬ ಬಿದ್ದಾಗ ನಾವು ಎತ್ತರದಲ್ಲಿದ್ದೀವಿ ಅನ್ನೋ ಸಂತೋಷ. ಎರಡು, ಒಳಗೆ ಒತ್ತಡ ತುಂಬಿ ಹೊರಗೆ ಬರೋದು. ಮೂರು, ಒಂದು ಬರುತ್ತೆ ಅಂತ ಕಾದಿರ್ತೀವಿ, ಇನ್ನೊಂದು ಬರುತ್ತೆ. ಇದರ ಜೊತೆ ಸಮಾಜಕ್ಕೆ ನಗು ಒಂದು ಕೋಲೂ ಹೌದು. ಸಾಲು ತಪ್ಪಿದವನ ಬೆನ್ನಿಗೆ ಹಾಕೋಕೆ. ನಾಲ್ಕು ಜನ ನಗ್ತಾರೆ ಅನ್ನೋ ಭಯಕ್ಕೇ ಅರ್ಧ ಊರು ನೆಟ್ಟಗಿದೆ." ಚಾವಿಯಣ್ಣನ ಕಡೆ ತಿರುಗಿದರು. "ನಿಮ್ಮ ನಗು ಯಾವುದು ಅಂತ ಹೇಳಬಲ್ಲಿರಾ? ಸತ್ತವರ ಮುಂದೆ ನಿಂತಾಗ ಬದುಕಿರೋರಿಗೆ ಮೊದಲನೇ ಥರದ್ದು ಬರೋದು ಸಹಜ. ಕ್ರೂರ ಅಂತಲ್ಲ."

"ಎತ್ತರ ಅಂದ್ರಾ ಸಾರ್? ನಾವು ಹನ್ನೊಂದು ಮೆಟ್ಟಿಲು ಕೆಳಗೆ ಕೆಲಸ ಮಾಡೋರು" ಎಂದ ಚಾವಿಯಣ್ಣ.

"ಹಾಗಾದ್ರೆ ಎರಡನೇದು. ಒತ್ತಡ."

"ಇರಬಹುದು ಸಾರ್. ಕುಕ್ಕರು ಯಾಕೆ ಸೀಟಿ ಹೊಡೀತು ಅಂತ ಕುಕ್ಕರಿಗೆ ಗೊತ್ತಿರುತ್ತಾ?"

ನೀರಕ್ಕ ನನ್ನ ಕಿವಿಯಲ್ಲಿ "ಈ ಮೇಷ್ಟ್ರು ತಮ್ಮ ಮದುವೇಲಾದ್ರೂ ನಕ್ಕಿದ್ದಾರಾ ಕೇಳು" ಎಂದಳು. ಅವಳ ಕೈ ಮಾತ್ರ ನನ್ನ ಕೈ ಹಿಡಿದಿತ್ತು, ತಣ್ಣಗೆ.

ಡಾಕ್ಟರಮ್ಮ ಹೇಳತೊಡಗಿದರು. ನಗು ಯಾರಿಗೆ ಬೇಡ, ಆದರೆ ಅದಕ್ಕೆ ಸ್ಥಳ ಕಾಲ ಇರಬೇಕು. ನೌಕರ ತಪ್ಪೊಪ್ಪಿಕೊಂಡಿದ್ದಾರೆ, ಎಚ್ಚರಿಕೆ ಪತ್ರ ಕೊಡೋಣ. ಟೈಪು ಮತ್ತೆ ಟಕಟಕ ಎಂದಿತು. ಮುಗಿಯಿತು ಎಂದುಕೊಂಡೆ. ನನ್ನ ಮೈ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು.

"ನನಗೆ ಮೂರು ಕಾರಣ ಬೇಡ" ಎಂದಳು ಕಿಟಕಿ ಬಳಿಯ ತಾಯಿ.

ಟೈಪು ನಿಂತಿತು.

"ಅಲ್ಲಣ್ಣ" ಎಂದಳು ಅವಳು ಚಾವಿಯಣ್ಣನಿಗೆ. "ನಾನು ಹೊರಗೆ ಕೂತು ಕೇಳಿದೆ ಆ ನಗುನ. ಮಾತು ಕೇಳಿಸಲಿಲ್ಲ, ನಗು ಮಾತ್ರ. ದಾರದ ಕತೆಗೆ ಯಾರೂ ಹಾಗೆ ನಗಲ್ಲ. ನನ್ನ ಮಗ ಹದಿಮೂರು ವರ್ಷ ಜನರನ್ನ ನಗಿಸೋಕೆ ಒದ್ದಾಡಿದ. ಹೋದಲ್ಲೆಲ್ಲ ನಾನು ಹಿಂದಿನ ಸಾಲಲ್ಲಿ ಕೂತಿರ್ತಿದ್ದೆ. ಮರ್ಯಾದೆಗೆ ನಗೋದು ಯಾವುದು, ಪಾಪ ಅಂತ ನಗೋದು ಯಾವುದು, ನಿಜವಾಗಿ ನಗೋದು ಯಾವುದು, ನನಗೆ ಗೊತ್ತು. ನಿಜವಾದ್ದು ಅವನಿಗೆ ಯಾವತ್ತೂ ಸಿಗಲಿಲ್ಲ. ಅವತ್ತು ಒಳಗಿಂದ ಬಂದದ್ದು ನಿಜವಾದ್ದು." ಚೀಲವನ್ನು ಬಿಗಿಯಾಗಿ ಹಿಡಿದಳು. "ಬನೀನು ನೋಡಿ ನಕ್ಕ್ರಾ? ಅಷ್ಟು ಹೇಳಿಬಿಡಿ. ಹೌದಾದ್ರೆ ಹೌದು ಅನ್ನಿ. ನಾನು ಎದ್ದು ಹೋಗ್ತೀನಿ."

"ಇಲ್ಲ ತಾಯಿ" ಎಂದ ಚಾವಿಯಣ್ಣ. ಅವನ ದನಿ ಒಡೆಯಿತು. ಅವಳು ನಂಬಲಿಲ್ಲ. ಅವಳು ನಂಬಲಿಲ್ಲ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಕಂಡಿತು.

ಅವಳು ಏಳತೊಡಗಿದಳು. ಬಾಗಿಲ ಕಡೆ ಹೋಗುತ್ತಾಳೆ, ಮನೆಗೆ ಹೋಗುತ್ತಾಳೆ, ಮಿಷಿನ್ನಿನ ಮುಂದೆ ಕೂತು ಇನ್ನೊಬ್ಬರ ಹರಕನ್ನು ಕೈಗೆತ್ತಿಕೊಳ್ಳುತ್ತಾಳೆ. ಇನ್ನುಳಿದ ಅವಳ ಆಯುಸ್ಸಿನಲ್ಲಿ ಕೈಗೆ ಬಂದ ಪ್ರತಿ ಹರಕೂ ಅವಳನ್ನು ನೋಡಿ ನಗುತ್ತದೆ. ಇಷ್ಟೂ ನನಗೆ ಒಂದೇ ಸಲಕ್ಕೆ ಕಂಡಿತು, ಕಿಟಕಿಯಲ್ಲಿ ಕೂತು ಕಂಡಂತೆ.

ನಾನು ಎದ್ದೆ. "ಕೂತ್ಕೋ ಮಗಾ" ಎಂದ ಚಾವಿಯಣ್ಣ ಹಲ್ಲು ಕಚ್ಚಿ. ನೀರಕ್ಕನ ಕೈ ನನ್ನ ಕೈ ಬಿಟ್ಟಿತು. ನನ್ನ ಚೀಲದಿಂದ ಕಾಗದ ತೆಗೆದೆ.

"ಜೇಬಿನಲ್ಲಿ ಇದೂ ಇತ್ತು. ನಾನು ಪುಸ್ತಕಕ್ಕೆ ಬರೀಲಿಲ್ಲ. ನಾನು ಇದನ್ನ ಓದಿದೆ, ಗಟ್ಟಿಯಾಗಿ. ನಾವು ನಕ್ಕಿದ್ದು ಇದಕ್ಕೆ. ಚಾವಿಯಣ್ಣ ಏನೂ ಹೇಳಿರಲಿಲ್ಲ."

ತಾಯಿ ಕಾಗದವನ್ನು ದೂರದಿಂದಲೇ ಗುರುತು ಹಿಡಿದಳು. "ರಸ್ತೇಲಿ ಬಿದ್ದುಹೋಯ್ತು ಅಂದ್ಕೊಂಡಿದ್ದೆ" ಎಂದಳು. ತೆಗೆದುಕೊಳ್ಳಲು ಕೈ ಚಾಚಲಿಲ್ಲ. "ಓದು. ಅವತ್ತು ಹೇಗೆ ಓದಿದ್ಯೋ ಹಾಗೆ."

ಓದಿದೆ. ನಿಲ್ಲಿಸು ಎಂದಲ್ಲಿ ನಿಲ್ಲಿಸಿದೆ. ಯಾರೂ ನಗಲಿಲ್ಲ. ಮೇಷ್ಟ್ರು ಲೋಟದ ಮುಚ್ಚಳ ತೆಗೆದು ನೀರು ಕುಡಿಯದೆ ಮತ್ತೆ ಮುಚ್ಚಿದರು. ಕೊನೇ ಸಾಲನ್ನೂ ಓದಿದೆ.

"ಎಷ್ಟು ಜನ ನಕ್ಕಿರಿ?" ಎಂದು ಕೇಳಿದಳು ತಾಯಿ.

"ಮೂರು ಜನ."

"ಯಾವ ಸಾಲಿಗೆ?"

"ಕೊನೇ ಸಾಲಿಗೆ."

ಅವಳು ತಲೆ ಆಡಿಸಿದಳು, ಯಾರೊಡನೆಯೋ ಹಳೆಯ ಜಗಳ ಮುಂದುವರಿಸುವಂತೆ. "ನನ್ನ ಮುಂದೆ ಹೇಳಿ ತೋರಿಸಿದ್ದ. ನಾನು ನಗಲಿಲ್ಲ. ಕೊನೇ ಸಾಲು ಅಪಶಕುನ ಕಣೋ, ತೆಗೆದುಹಾಕು ಅಂದೆ. ಅದನ್ನ ತೆಗೆದ್ರೆ ಏನುಳಿಯುತ್ತಮ್ಮ ಅಂದ. ತೆಗೀದೇ ಇದ್ರೆ ನಿನ್ನ ಹತ್ರ ಮಾತಾಡಲ್ಲ ಅಂದೆ." ಚೀಲವನ್ನು ಕುರ್ಚಿಯ ಮೇಲಿಟ್ಟಳು. "ಅವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನು ಏನೂ ಕೇಳಲಿಲ್ಲ. ಕೇಳೋದೇನು, ಒಳ್ಳೇದನ್ನ ನಾನೇ ಒಗೆದು ಹಾಕಿದ್ದೆ. ಅಷ್ಟು ವರ್ಷದಲ್ಲಿ ಅವತ್ತೊಂದಿನ ಕೇಳಲಿಲ್ಲ."

ಆಮೇಲೆ ಕಾಗದಕ್ಕೆ ಕೈ ಚಾಚಿದಳು.

"ಒಂದು ನಿಮಿಷ" ಎಂದರು ಡಾಕ್ಟರಮ್ಮ. ಅವರ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಮೊದಲಿನದೇ. "ಇದು ಈಗ ದಾಖಲೆ. ಪುಸ್ತಕಕ್ಕೆ ಬರೆಯದ ವಸ್ತು. ಕಡತದಲ್ಲಿ ಇರಬೇಕಾಗುತ್ತೆ."

"ನನ್ನ ದೂರು ನಾನು ವಾಪಸ್ ತಗೋತೀನಿ."

"ನಗುವಿನ ದೂರು ತಗೋಬಹುದಮ್ಮ. ಇದು ಬೇರೆ."

ಟೈಪಿಸ್ಟು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ತೂತು ಹೊಡೆದು ಕಡತಕ್ಕೆ ಪೋಣಿಸಿದ. ಒಂದು ತೂತು 'ಅಮ್ಮ' ಎಂಬ ಪದದ ಮೇಲೆ ಬಿತ್ತು.

ನನಗೆ ಆದೇಶ ಬಂದದ್ದು ಹದಿನಾಲ್ಕನೇ ದಿನ. ಕೆಲಸದಿಂದ ತೆಗೆಯಲಾಗಿದೆ. ಚಾವಿಯಣ್ಣನಿಗೆ ಸುಳ್ಳು ಹೇಳಿಕೆಗಾಗಿ ಉಗ್ರಾಣಕ್ಕೆ ವರ್ಗ, ಹಾಸಿಗೆ ಹೊದಿಕೆ ಎಣಿಸುವ ಕೆಲಸ. ಚಾವಿ ಕೊಟ್ಟು ಬರುವಾಗ ಹೊಸಬನಿಗೆ ಅವನು ಬಾಗಿಲಿನ ನಿಯಮ ಹೇಳಲು ಹೋದನಂತೆ. "ಅದೆಲ್ಲ ಬೇಡಣ್ಣ, ಆ ಗಲಾಟೆ ಆದ ಮೇಲೆ ಯಾರು ನಗ್ತಾರೆ" ಎಂದನಂತೆ ಹೊಸಬ. ನೀರಕ್ಕ ಇನ್ನೂ ಅಲ್ಲೇ ಇದ್ದಾಳೆ. ಈಗ ಬಾಗಿಲು ಹಾಗೇ ತೆರೆದುಕೊಳ್ಳುತ್ತದೆ, ಒಳಗೆ ಹೋಗುವುದೂ ಹೊರಗೆ ಬರುವುದೂ ಒಂದೇ ಥರ ಎಂದಳು. ಬೆಳಿಗ್ಗೆ ಇಟ್ಟ ಮುಖ ಮನೆಯಲ್ಲೂ ತೆಗೆಯಲು ಬರುತ್ತಿಲ್ಲವಂತೆ. ಗಂಡ ಕೇಳಿದನಂತೆ, ಯಾರು ಸತ್ತರು ಎಂದು.

ನಾನು ಮತ್ತೆ ಕಿಟಕಿಗೆ ಬಂದೆ. ಅಜ್ಜಿ ಬೈಯಲಿಲ್ಲ. ಅಕ್ಕಿಯನ್ನು ಒಂದು ಹಿಡಿ ಕಡಿಮೆ ಹಾಕತೊಡಗಿದಳು ಅಷ್ಟೇ.

ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಆ ತಾಯಿ. ನೀರಕ್ಕನಿಂದ ಮನೆ ಕೇಳಿಕೊಂಡು ಬಂದಿದ್ದಳು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತಳು.

"ಕಾಗದ ಕೊಡಲ್ಲ ಅಂದ್ರು. ಮೂರು ಸಲ ಹೋದೆ. ನಿನಗೆ ಬಾಯಿಪಾಠ ಇದೆಯಾ?"

"ಇದೆ."

"ನನಗೆ ಮಧ್ಯ ಮಧ್ಯ ಮರೀತಾ ಇದೆ. ಹಲ್ಲಿ ಎಲ್ಲಿ ಬರುತ್ತೆ, ಬಸ್ಸು ಎಲ್ಲಿ ಬರುತ್ತೆ." ಅವಳ ಕಣ್ಣ ಕೆಳಗೆ ಹೊಸ ಗೆರೆಗಳಿದ್ದವು. "ಒಂದ್ಸಲ ಹೇಳು. ನಿಧಾನವಾಗಿ."

ನಾನು ಹೊಸ್ತಿಲ ಈಚೆ ನಿಂತು ಹೇಳತೊಡಗಿದೆ. ನಮ್ಮಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳ್ತಾಳೆ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದೆ. ಅವಳ ತುಟಿ ನನ್ನ ತುಟಿಯ ಹಿಂದೆ ಹಿಂದೆಯೇ ಅಲುಗುತ್ತಿತ್ತು. ರಾಜ, ಹಲ್ಲಿ, ಬಸ್ಸು. ಕೊನೇ ಸಾಲಿಗೆ ಬಂದು ಸುಮ್ಮನಾದೆ.

"ಅದನ್ನೂ ಹೇಳು."

ಹೇಳಿದೆ.

ಆಗ ಒಳಕೋಣೆಯಿಂದ ಅಜ್ಜಿ ನಕ್ಕಳು. ಹೊಸ್ತಿಲಲ್ಲಿ ನಿಂತವರು ಯಾರು, ಮಾತು ಯಾರದ್ದು, ಯಾವುದೂ ತಿಳಿಯದೆ. ಮೊರವನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ಅಯ್ಯೋ, ಮಗ ಅಲ್ಲ ಅಂತ ಹೇಳಿ ಕಳಿಸಿಬಿಡಿ ಅಂತೆ!" ಎಂದು ಹಲ್ಲಿಲ್ಲದ ಬಾಯಿ ತುಂಬ, ಕೆಮ್ಮು ಬರುವವರೆಗೂ ನಕ್ಕಳು.

ನಾನು ಬೆಚ್ಚಿ ತಾಯಿಯ ಮುಖ ನೋಡಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. ಚೌಕಟ್ಟು ಹಿಡಿದು, ಕತ್ತು ಓರೆ ಮಾಡಿ, ಹಿಂದಿನ ಸಾಲಿನಲ್ಲಿ ಕೂತವಳಂತೆ, ಅಜ್ಜಿಯ ನಗು ಪೂರ್ತಿ ಮುಗಿಯುವವರೆಗೂ ಕೇಳಿದಳು.

"ಇದು ನಿಜವಾದ್ದು" ಎಂದಳು. ಆಮೇಲೆ ಚಪ್ಪಲಿ ಬಿಚ್ಚದೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ಮೊದಲಿಂದ ಇನ್ನೊಂದ್ಸಲ ಹೇಳಮ್ಮ."